ಮೂರನೇ ಟೇಬಲು

ಆ್ಯಪಿನಲ್ಲಿ ಎಲ್ಲರ ಮೊದಲ ಪ್ರಶ್ನೆ
ಸೊಂಟದ ಕೆಳಗಿನದು.
ತೀರ್ಥೇಶ ಕೇಳಿದ್ದು:
‘ನಿಮ್ಮನ್ನ ಏನಂತ ಕರೀಲಿ?’
ಉತ್ತರ ಬರೆಯಲು ಎರಡು ದಿನ ಹಿಡಿಯಿತು.

ರಿಂಗ್ ರೋಡಿಗೆ ಬರಲ್ಲ, ಕತ್ತಲಾದ ಮೇಲೆ ಬರಲ್ಲ ಎಂದೆ.
ಹಗಲು ಮೂರು ಗಂಟೆ,
ಹಾಸನದ ಹೊಸ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲು, ಗಾಜಿನ ಬಾಗಿಲು.
ಮೂರನೇ ಟೇಬಲಿನಲ್ಲಿ ಶಬ್ನಮ್ ಅಕ್ಕ
ಗುರುತಿಲ್ಲದವಳ ಹಾಗೆ
ಒಂದೇ ಸೆಟ್ ದೋಸೆಯನ್ನು ಚೂರು ಚೂರೇ ಮುರಿಯುತ್ತ.

ಬಂದ. ಅರಕಲಗೂಡು ಬಸ್ಸಿನ ಧೂಳು, ಇಸ್ತ್ರಿ ಅಂಗಿ.
ನಾನು ಟೈಲರು, ಕಣ್ಣು ಮೊದಲು ಹೊಲಿಗೆಗೇ ಹೋಗುತ್ತದೆ:
ಎರಡನೇ ಗುಂಡಿ ಬೇರೆ ದಾರದ್ದು,
ತಾನೇ ಹಾಕಿಕೊಂಡದ್ದು.

ನನ್ನ ದನಿ ಕೇಳಿ ಸರ್ವರ್ ಎರಡು ಸಲ ತಿರುಗಿದ.
ತೀರ್ಥೇಶ ನೀರಿನ ಲೋಟ ನನ್ನ ಕಡೆ ಸರಿಸಿದ, ಅಷ್ಟೆ.

ಆಮೇಲೆ ಫೋನು. ಅವನ ಅಣ್ಣ.
‘ಒಬ್ರು ಸಿಕ್ಕಿದಾರೆ’ ಅಂದಾನು ಅಂದುಕೊಂಡೆ.
ಹೆಣ್ಣೂ ಅಲ್ಲದ ಗಂಡೂ ಅಲ್ಲದ ಆ ಬಹುವಚನದೊಳಗೆ
ನನ್ನನ್ನು ಎಷ್ಟು ಜನ ಬಚ್ಚಿಟ್ಟಿದ್ದಾರೆ!
ಅವನಂದ:
‘ಒಬ್ಳು ಫ್ರೆಂಡ್ ಜೊತೆ ಇದೀನಿ, ಆಮೇಲೆ ಮಾಡ್ತೀನಿ.’

ಒಬ್ಳು.
ಆ ‘ಳು’ ಬಾಯೊಳಗೇ ಕರಗುತ್ತಿರಲು
ಮೇಜಿನಡಿ ಅಕ್ಕನಿಗೆ ಟೈಪಿಸಿದೆ:
‘ಇನ್ನೊಂದು ಕಾಫಿ ಹೇಳು.
ಈಗಲೇ ಹೋಗ್ಬೇಡ.’