ಎಳೆಯ ತುದಿ

ಮ್ಯಾಕಲ್ಸ್‌ಫೀಲ್ಡಿನ ಹಳೇ ರೇಷ್ಮೆ ಮಿಲ್ಲಿಗೆ
ವಾರ್ಡಿನ ಐವರು ಹೋಗಿದ್ದೆವು, ರಜೆಯ ಶನಿವಾರ.
ಟಿಕೆಟ್ಟಿನ ಜೊತೆ ಒಂದು ಸ್ಕೋನು, ಒಂದು ಚಹಾ.
ಜಿಲಿಯನ್ ಕೇಳಿದಳು: ರೇಷ್ಮೆ ನಿಮ್ಮ ಕಡೆಯದಲ್ವಾ?
ಹೌದು, ಮದುವೆಗೆ ಉಡ್ತೀವಿ, ಅಂದೆ.

ಉಡುವುದಷ್ಟೇ ಗೊತ್ತಿರುವವಳ ಹಾಗೆ.

ಇವರ ಲೆಕ್ಕದಲ್ಲಿ ನನ್ನ ಅಪ್ಪ ಪೋಸ್ಟ್‌ಮಾಸ್ಟರು.
ಹಿತ್ತಲಲ್ಲಿ ಸೀಬೆ ಮರ, ಬ್ರೌನಿ ಅನ್ನುವ ನಾಯಿ.
ಒಮ್ಮೆ ತಪ್ಪಿ ಟೈಗರ್ ಅಂದಿದ್ದೆ,
ಅದು ಇನ್ನೊಂದು ಅಂತ ತೇಪೆ ಹಾಕಿದೆ.
ಅಂದಿನಿಂದ ಎರಡು ನಾಯಿ ಸಾಕುತ್ತಿದ್ದೇನೆ.

ಗೈಡು ಮುದುಕ, ಸಿರಿಲ್ ಅಂತ,
ಬಿಸಿನೀರಿನ ಬೋಗುಣಿಯಲ್ಲಿ ಹತ್ತು ಗೂಡು ತೇಲಿಬಿಟ್ಟ.
ಒಂದು ಗೂಡಿಗೆ ಒಂದೇ ಎಳೆ.
ತುದಿ ಯಾರು ಹುಡುಕ್ತೀರಿ?

ವಾಸನೆ ಮೊದಲು ಬಂತು.
ಬೆಂದ ಹುಳುವಿನ ವಾಸನೆ, ಸಾಬೂನಿಗೆ ಹೋಗದ್ದು,
ಶಿಡ್ಲಘಟ್ಟದ ಶಾಲೆಯಲ್ಲಿ ನನ್ನ ಬೆಂಚು ಖಾಲಿ ಮಾಡಿಸಿದ್ದು.
ಒಂಬೈನೂರು ರೂಪಾಯಿ ಮುಂಗಡಕ್ಕೆ
ಮೂರು ವರ್ಷ ಕೈ ಕುದಿನೀರಲ್ಲಿ.
ರಾತ್ರಿ ಅಮ್ಮಿಯೇ ತುತ್ತಿಡಬೇಕು,
ನನ್ನ ಬೆರಳು ಸಾರಿನ ಖಾರ ತಡೆಯುತ್ತಿರಲಿಲ್ಲ.

ಆಮೇಲೆ, ವೀಸಾ ಕಚೇರಿಯ ಗಾಜು
ನಾಲ್ಕು ಸಲ ಕೇಳಿತು: ಬೆರಳಚ್ಚು ಎಲ್ಲಿ?
ಗಾಜೇ ಕೊಳೆಯಾಗಿದೆ ಅಂದುಕೊಂಡು
ಒರೆಸಿ ಒರೆಸಿ, ಆ ಹುಡುಗ ನನ್ನಲ್ಲಿ ಕ್ಷಮೆ ಕೇಳಿದ.

ಜಿಲಿಯನ್ ಪಿನ್ನಿನಿಂದ ಕೆದಕಿದಳು. ಮೊರಾಗ್ ನಕ್ಕು ಕೈಬಿಟ್ಟಳು.
ನಾನು ಸುಮ್ಮನಿರಬೇಕಿತ್ತು.
ಬೆರಳು ಇರಲಿಲ್ಲ:
ಒಂದು ಸಲ ತಿರುವಿ, ಒಂದು ಸಲ ಸವರಿ,
ಮೂರನೆಯದಕ್ಕೆ ಎಳೆ ಎದ್ದು ಬಂತು
ಹೆಸರು ಹಿಡಿದು ಕರೆದಂತೆ.

ಅಯ್ಯೋ ಮುಬೀನಾ, ನಿನಗೆ ಹೇಗೆ ಗೊತ್ತು?
ಸ್ಕೂಲಲ್ಲಿ ಪ್ರಾಜೆಕ್ಟ್ ಇತ್ತು, ಅಂದೆ.
ಚಪ್ಪಾಳೆ. ನರ ಸಿಗದ ಮುದುಕರಿಗೆಲ್ಲ ಇವಳನ್ನೇ ಕರೆಯೋದು,
ಒಂದೇ ಚುಚ್ಚಿಗೆ ಹಿಡೀತಾಳೆ, ಅಂತ
ಜಿಲಿಯನ್ ಹೆಮ್ಮೆಯಿಂದ ಸಿರಿಲ್‌ಗೆ ಹೇಳುತ್ತಿದ್ದಳು.

ಅವನು ನನ್ನ ಮುಖ ನೋಡಲಿಲ್ಲ, ಬೆರಳ ತುದಿ ನೋಡಿದ.
ತನ್ನಜ್ಜಿ ಹನ್ನೆರಡಕ್ಕೇ ಇಲ್ಲಿ ಮೆಟ್ಟಿಲು ಹತ್ತಿದವಳಂತೆ,
ಬೇಸಿಗೆಯಲ್ಲೂ ಗ್ಲೌಸು ತೊಟ್ಟೇ ಚರ್ಚಿಗೆ ಹೋಗುತ್ತಿದ್ದಳಂತೆ.
ಅಷ್ಟು ಹೇಳಿ ಟವೆಲ್ಲು ಕೊಟ್ಟ.
ಒರೆಸಿಕೊಂಡೆ. ನಿಧಾನಕ್ಕೆ, ಹತ್ತೂ ಬೆರಳು.

ಸ್ಕೋನು ಮುರಿಯುತ್ತ ಮೊರಾಗ್ ಕೇಳಿದಳು:
ಆ ಪ್ರಾಜೆಕ್ಟಿಗೆ ಎಷ್ಟು ಬಂದಿತ್ತು?
ಒಂಬೈನೂರು, ಅಂದುಬಿಟ್ಟೆ.
ಎಷ್ಟಕ್ಕೆ? ಅಂದಳು.

ಜಾಮು ಈ ಕಡೆ ಕೊಡು, ಅಂದೆ.