ಕಚ್ಚದ ಏಡಿ

ಹಿಂಗಾಲಿನ ಬುಡದಲ್ಲಿ, ಚಿಪ್ಪಿಗೂ ಚಿಪ್ಪಿಗೂ ನಡುವೆ
ಒಂದು ಮೆತ್ತನೆಯ ಸಂದು.
ಸೂಜಿ ಅಲ್ಲಿ ಇಳಿಯಬೇಕು, ಹೆಚ್ಚೆಂದರೆ ಅಕ್ಕಿಕಾಳಿನಷ್ಟು.
ಬರುವುದು ಕೆಂಪಲ್ಲ.
ಮೊದಲು ಗಂಜಿಯ ತಿಳಿ,
ಗಾಳಿ ಸೋಕಿದ ಮೇಲೆ ನಿಧಾನಕ್ಕೆ ನೀಲಿ,
ಬಿಳಿ ಪಂಚೆ ಅದ್ದಿ ತೆಗೆದ ಮೇಲೆ ಉಳಿದ ನೀರಿನ ಹಾಗೆ.

ಇಪ್ಪತ್ತೆರಡು ವರ್ಷವಾಯಿತು
ಗಂಗೋತ್ರಿಯ ಈ ಕೋಣೆಯಲ್ಲಿ.
ನೆಂಟರಿಗೆ ಅಮ್ಮ "ಮಗಳು ಡಾಕ್ಟರು" ಅನ್ನುತ್ತಾಳೆ,
ಯಾರಿಗೆ ಅಂತ ಹೇಳುವುದಿಲ್ಲ.

ಸರಸ್ವತಿಪುರಂ ಬೇಕರಿಯಿಂದ ಯೀಸ್ಟ್ ತಂದು
ಕುದಿಸಿ, ಕೊಂದು, ಕೆಂಪು ಬಣ್ಣ ಹಿಡಿಸಿ
ಆ ಹನಿಗೆ ಬಿಡುತ್ತೇವೆ. ಆಮೇಲೆ ಕಾಯುವುದು.
ರಕ್ತದ ಕಣ ಕೈ ಚಾಚುತ್ತದೆ, ಕೈಯೇ ಇಲ್ಲದ್ದು,
ಕೆಂಪು ಚುಕ್ಕೆಯನ್ನು ತಬ್ಬಿ ನುಂಗುತ್ತದೆ.
ನೂರರಲ್ಲಿ ಎಷ್ಟು ನುಂಗಿದವು?
ಅಷ್ಟೇ ನನ್ನ ವಿಜ್ಞಾನ. ಮೊರದಲ್ಲಿ ಕಲ್ಲು ಆರಿಸುವ ಕೆಲಸ.

ಕರಿಹಳ್ಳದ ಮೇಲಿನ ಮಡುವಿನ ಏಡಿ: ಅರವತ್ತನಾಲ್ಕು.
ಕಾರ್ಖಾನೆಯ ಕೊಳವೆ ದಾಟಿ, ಸೇತುವೆಯ ಕೆಳಗೆ: ಹತ್ತೊಂಬತ್ತು.
ಫಿರ್ದೋಸ್ ಮತ್ತೆ ಎಣಿಸಿದ. ಇಪ್ಪತ್ತೊಂದು.
ಅಷ್ಟು ಹೊತ್ತಿಗೆ ಟೀ ಆರಿತ್ತು.

ಉಳಿದವು ಸತ್ತಿರಲಿಲ್ಲ. ಅದೇ ನನ್ನನ್ನು ಕಾಡುವುದು.
ಕೆಂಪು ಚುಕ್ಕೆ ಪಕ್ಕಕ್ಕೇ ಬಂದು ಕೂತರೂ
ಗುರುತಿಲ್ಲದವರ ಮದುವೆಗೆ ಬಂದವರಂತೆ
ಸುಮ್ಮನಿದ್ದವು.

ನಮ್ಮ ರಕ್ತಕ್ಕೆ ನೆನಪಿದೆ.
ಏಳನೇ ವಯಸ್ಸಿನಲ್ಲಿ ಮೈಮೇಲೆ ಎದ್ದ ಸೀತಾಳೆ ಸಿಡುಬನ್ನು
ನನ್ನದು ಇನ್ನೂ ಮರೆತಿಲ್ಲ.
ಏಡಿಗೆ ಆ ಭಾಗ್ಯವಿಲ್ಲ.
ಪ್ರತಿ ಕೇಡೂ ಅದಕ್ಕೆ ಮೊದಲ ಕೇಡು,
ದಿನಾ ಬೆಳಗ್ಗೆ ಹೊಸದಾಗಿ ಹೊಡೆದಾಡಬೇಕು
ನಿನ್ನೆಯ ಪಾಠವಿಲ್ಲದೆ.

ಏಡಿ ಹಿಡಿದುಕೊಡುವವಳು ಹೊಂಬಾಳಮ್ಮ,
ಮದ್ದೂರಿನಿಂದಾಚೆ, ಹಳ್ಳದ ಪಕ್ಕದಲ್ಲೇ ಮನೆ.
ಭಾನುವಾರ ನಾವು ಹೋಗುವುದರೊಳಗೆ
ಬಿಲಕ್ಕೆ ಮೊಣಕೈವರೆಗೂ ಕೈ ತೂರಿಸಿ
ಎರಡು ಬಕೆಟ್ಟು ತುಂಬಿಸಿರುತ್ತಾಳೆ,
ಮೇಲಿನವಕ್ಕೆ ಹಸಿರು, ಸೇತುವೆಯವಕ್ಕೆ ಕೆಂಪು.

ಮೊನ್ನೆ ಅವಳ ಒಲೆಯ ಮೇಲೆ ಏಡಿ ಸಾರು ಕುದಿಯುತ್ತಿತ್ತು.
ಮೊಮ್ಮಗಳು ಮೋನಿಷಾಗೆ ಹದಿನೈದು ದಿನದ ಕೆಮ್ಮು.
ಒರಳಲ್ಲಿ ಜಜ್ಜಿದ ಕಾಲು, ಮೆಣಸು, ಸಿಪ್ಪೆ ಬಿಡಿಸದ ಬೆಳ್ಳುಳ್ಳಿ.
"ಮೈಗೆ ಕಸುವು ಬತ್ತದೆ" ಎಂದಳು.

ನನ್ನ ಚೀಲದಲ್ಲಿ ಹತ್ತೊಂಬತ್ತು ಇತ್ತು.
ಅದನ್ನು ಯಾವ ಕನ್ನಡದಲ್ಲಿ ಹೇಳಲಿ?
"ಸೇತುವೆ ಹತ್ತಿರದ್ದು ತಿನ್ನಬೇಡಿ" ಅಂದೆ,
ಅಷ್ಟೇ ಬಾಯಿಗೆ ಬಂದದ್ದು.

ನಕ್ಕಳು. ಸೌಟು ಕೆಳಗಿಡಲಿಲ್ಲ.
"ಅಯ್ಯೋ, ಅವು ನಿಮಗೆ ಕನವ್ವ, ನಮಗಲ್ಲ.
ಸೇತ್ವೆ ಏಡಿ ಕಚ್ಚಾಕಿಲ್ಲ. ಮೂರು ವರ್ಸಾಯ್ತು.
ಕೈ ಇಟ್ರೆ ಇಡಕತ್ತದೆ, ಬುಟ್ಬುಡ್ತದೆ.
ಕಚ್ಚದಿರ ಏಡಿನ ಯಾರಾದ್ರೂ ತಿಂದಾರಾ?"

ಬಲಗೈ ಚಾಚಿದಳು.
ತೋರುಬೆರಳ ತುಂಬ ಹಳೆಯ ಬಿಳಿ ಕಲೆಗಳು,
ಒಂದೊಂದಕ್ಕೂ ಅವಳ ಹತ್ತಿರ ಒಂದು ಮಡುವಿನ ಹೆಸರಿತ್ತು.
ಸೇತುವೆಯದು ಕೊನೆಯದು, ಉಗುರಿನ ಪಕ್ಕ,
ಮಾಸಿಹೋಗಿತ್ತು.

ಮೂರು ವರ್ಷ.
ನನ್ನ ಯೋಜನೆಗೆ ದುಡ್ಡು ಮಂಜೂರಾದದ್ದು ಹೋದ ವರ್ಷ.

ಪ್ರಬಂಧ ಓದಿದ ಯಾರೋ ಹೆಸರಿಲ್ಲದವರು ಬರೆದಿದ್ದಾರೆ:
ಮಾದರಿಗಳು ಸಾಲವು, ಇನ್ನೊಂದು ಮಳೆಗಾಲ ನೋಡಿ.
ಸರಿ. ತಪ್ಪೇನೂ ಹೇಳಿಲ್ಲ.
ಹಳ್ಳಕ್ಕೆ ಅಷ್ಟು ಪುರುಸೊತ್ತಿದೆಯೋ, ಕೇಳಿಲ್ಲ.

ನಿನ್ನೆ ರಾತ್ರಿ ಫಿರ್ದೋಸ್ ಹೋದ ಮೇಲೆ
ಕೈಗವಸು ತೆಗೆದು ಕೆಂಪು ಬಕೆಟ್ಟಿಗೆ ಬೆರಳಿಟ್ಟೆ.
ಒಂದು ಬಂತು. ಹಿಡಿಯಿತು,
ನಿದ್ದೆಯಲ್ಲಿ ಮಗು ಹಿಡಿದ ಹಾಗೆ.
ಬಿಟ್ಟಿತು.

ಕೋಷ್ಟಕದಲ್ಲಿ ಇದಕ್ಕೆ ಕಲಂ ಇಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
ಹೊಂಬಾಳಮ್ಮ, ಬಲಗೈ, ಮೂರು ವರ್ಷ.
ಹಸಿರು ಬಕೆಟ್ಟಿಗೆ ಬೆರಳಿಡಲು
ಇನ್ನೂ ಧೈರ್ಯ ಬಂದಿಲ್ಲ.