ನಲವತ್ತು ಸೆಕೆಂಡು ಹರತಾಳ

ಹಳೆಯ ಡಿಸ್ಕು ಟಿಕ್ಕೆಂದಿತು ಒಮ್ಮೆ,
ಮತ್ತೆ ಹಲ್ಲಿಯ ಹಾಗೆ ನಾಲ್ಕು ಸಲ.
ಹಲ್ಲಿ ನುಡಿದರೆ ಕೃಷ್ಣ ಕೃಷ್ಣ ಅನ್ನಬಹುದು,
ಇದಕ್ಕೆ ಏನನ್ನುವುದು?
ಅದೇ ದಿನ ಮಂಗಳೂರಿನ ಬಸ್ಸು ಹತ್ತಿ
ನಾಲ್ಕು ಟೀಬಿಯ ಹೊಸದೊಂದು ತಂದೆ,
ಸೋಪಿನ ಪೆಟ್ಟಿಗೆಯಷ್ಟು.
ಹನ್ನೊಂದು ವರ್ಷದ ಹೊಸಂಗಡಿ
ಇದರೊಳಗೆ ಕೂರಬೇಕು.

ಎಳೆದು ಬಿಟ್ಟೆ. ನೀಲಿ ಪಟ್ಟಿ ತೆವಳಿತು.
ದಫ್ಫಿನ ಸಮೇತ ಬ್ಯಾರಿ ಮದುವೆಯ ಹಾಡುಗಳು,
ಇಗರ್ಜಿಯ ಕೊಂಕಣಿ ಕ್ವಾಯರು,
ಎರಡು ಪಂಚಾಯತು ಚುನಾವಣೆ
(ಮೂರೂ ಪಕ್ಷದ ಜೀಪಿನಲ್ಲಿ ನನ್ನದೇ ದನಿ,
ಕನ್ನಡ, ಮಲಯಾಳ, ತುಳುವಿನಲ್ಲಿ ಬೇಡಿಕೊಳ್ಳುತ್ತ),
ಒಂದು ಇಡೀ ರಾತ್ರಿಯ ತಾಳಮದ್ದಳೆ;
ಅದರಲ್ಲಿ ಕರ್ಣ ಸಾಯುವ ಮೊದಲು
ಚಹಕ್ಕೆ ಸಕ್ಕರೆ ಬೇಡ ಅಂದದ್ದು.
ಅಳಿಸಿ ಎಂದಿದ್ದರು. ಅಳಿಸಿಲ್ಲ.

ಉಳಿದ ಸಮಯ ಎರಡು ನಿಮಿಷ, ಎಂದಿತು.
ಗಂಜಿ ಉಂಡು ಬಂದರೆ, ಒಂಬತ್ತು ಗಂಟೆ.

ಬೆಳಿಗ್ಗೆ ಹೊಸ ಡಿಸ್ಕಿನಿಂದ ಒಂದು ಹಾಡು ತೆರೆದೆ.
ಪುಟ್ಟ ಕಿಟಕಿಯೊಂದು ಎದ್ದು ಕೇಳಿತು:
ಒಂದು ಫೈಲು ಸಿಗುತ್ತಿಲ್ಲ. ಎಲ್ಲಿದೆ?
ಹೆಸರು: ಹರತಾಳ ಒಂದು.
ಇನ್ನೊಂದು ತೆರೆದೆ. ಹರತಾಳ ಒಂದು.
ಇಗರ್ಜಿಗೂ ಹರತಾಳ, ಕರ್ಣನಿಗೂ ಹರತಾಳ.
ಇನ್ನೂರ ಹದಿನಾಲ್ಕು ಪ್ರಾಜೆಕ್ಟು
ಒಂದೇ ಮಗುವನ್ನು ಹುಡುಕುವ ಹಾಗೆ.

ಸ್ಟುಡಿಯೋ ತೆರೆದ ವರ್ಷ
ಯಾರೋ ಯಾಕೋ ಹರತಾಳಕ್ಕೆ ಕರೆದಿದ್ದರು.
ಬಸ್ಸಿಲ್ಲ, ಲಾರಿಯಿಲ್ಲ, ಮೀನಿನವನ ಹಾರನ್ನಿಲ್ಲ.
ಮೈಕ್ ಇಟ್ಟು, ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು
ಖಾಲಿ ಕೋಣೆಯನ್ನು ರೆಕಾರ್ಡ್ ಮಾಡಿದೆ, ನಲವತ್ತು ಸೆಕೆಂಡು.
ಆಮೇಲೆ ಯಾರ ಕೆಮ್ಮು ಕತ್ತರಿಸಿದರೂ
ಆ ತೂತಿಗೆ ಇದರದ್ದೊಂದು ತೇಪೆ.
ಬರೀ ಸೊನ್ನೆ ಇಟ್ಟರೆ ಕಿವಿ ಕಾಲು ಜಾರಿ ಬೀಳುತ್ತದೆ.
ಸುಮ್ಮನಿರುವುದಕ್ಕೂ ಆಯಾ ಕೋಣೆಯದೇ ಬಣ್ಣ.

ಇದ್ದದ್ದು ಡೆಸ್ಕ್‌ಟಾಪಿನಲ್ಲಿ, ಒಂದೇ ಪ್ರತಿ.
ಹಾಡುಗಳ ಬಳಿ ಇದ್ದದ್ದು ಅದರ ವಿಳಾಸ ಮಾತ್ರ.
ನೌಫಲನನ್ನು ಕೇಳಿದೆ.
"ಅದಾ? ಮೊನ್ನೆ ಕಂಪ್ಯೂಟರ್ ಗುಡಿಸುವಾಗ ತೆಗೆದೆ.
ಕೇಳಿಯೇ ತೆಗೆದದ್ದು ಅಕ್ಕಾ,
ಅದರಲ್ಲಿ ಎಂತದೂ ಇರಲಿಲ್ಲ."
ಬೈಯಲು ಬಾಯಿ ತೆರೆದೆ.
ಎಂತದೂ ಇಲ್ಲದ್ದನ್ನು ಕಳೆದೆ ಎಂದು
ಹೇಗೆ ಬೈಯುವುದು ಒಬ್ಬನನ್ನು?

ಹೊಸತೊಂದು ಮಾಡೋಣವೆಂದು ರಾತ್ರಿ ಮೂರಕ್ಕೆ ಕೂತೆ.
ಆರು ಪಥದ ರಸ್ತೆ ಈಗ ಗೋಡೆಗೇ ತಾಗಿದೆ,
ಕಟ್ಟಡದ ಮುಂದಿನರ್ಧ ಅದರ ಹೊಟ್ಟೆಯಲ್ಲಿ.
ಗೋವೆಗೋ ಕೊಚ್ಚಿಗೋ ಟ್ಯಾಂಕರು, ಟ್ಯಾಂಕರು.
ನಡುವೆ ಹನ್ನೆರಡು ಸೆಕೆಂಡು ಸಿಕ್ಕಿತು.
ಹಚ್ಚಿ ನೋಡಿದೆ:
ಬಿಳಿ ಅಂಗಿಗೆ ಬೂದು ಚಿಂದಿ.

ಕೊನೆಗೆ ಸಿಕ್ಕಿದ್ದು ಬೀಫಾತಿಮಾಳ ಮದುವೆಯಲ್ಲಿ.
ಎಲ್ಲವನ್ನೂ ಸೇರಿಸಿಯೇ ಕಳಿಸಬೇಕೆಂದು
ಶಾರ್ಜದ ಅಣ್ಣನ ಹಠ. ಅದೊಂದನ್ನು ಮಾತ್ರ
ಬುತ್ತಿ ಕಟ್ಟಿದಂತೆ ಕಟ್ಟಿದ್ದೆ, ಉಪ್ಪಿನಕಾಯಿ ಮರೆಯದೆ.
ದಫ್ಫು, ಕೈಚಪ್ಪಾಳೆ, ಆರು ಹೆಂಗಸರ ದನಿ,
ಎಲ್ಲದರ ಅಡಿಗೆ ಹರತಾಳ ಒಂದು.

ಹೆಡ್‌ಫೋನು ಹಾಕಿ ವಾಲ್ಯೂಮು ಪೂರ್ತಿ ಏರಿಸಿದೆ.
ಹದಿನೇಳನೆಯ ಸೆಕೆಂಡಿಗೆ ಏನೋ ಓಡುತ್ತದೆ,
ನಿಲ್ಲುತ್ತದೆ,
ಮತ್ತೆ ಓಡುತ್ತದೆ.
ಕುಂಞಿಕಣ್ಣ.
ಕೆಳಗೆ ಶಟರು ಎಳೆದು, ಹೊರಗೆಲ್ಲ ಬಂದ್,
ಒಳಗೆ ಯಾರದೋ ಶಾಲೆಯ ಲಂಗಕ್ಕೆ ಹೊಲಿಗೆ.
ಅವನ ಅಂಗಡಿ ರಸ್ತೆಗೆ ಹೋಗಿ ಮೂರು ವರ್ಷ,
ನೀಲೇಶ್ವರದಲ್ಲಿ ಈಗ ಝೆರಾಕ್ಸ್ ಇಟ್ಟಿದ್ದಾನಂತೆ.
ಇಲ್ಲಿ ಕ್ವಾಯರಿನ ಉಸಿರಿನ ನಡುವೆ,
ಕರ್ಣನ ಎರಡು ಮಾತಿನ ನಡುವೆ,
ಮತ ಕೊಡಿ ಎಂಬುದಕ್ಕೂ ನಿಮ್ಮ ಎಂಬುದಕ್ಕೂ ನಡುವೆ
ಅವನ ಕಾಲು ತುಳಿಯುತ್ತಲೇ ಇದೆ.

ಈಗ ಮೂರು ಪ್ರತಿ.
ಒಂದು ಹೊಸ ಡಿಸ್ಕಿನಲ್ಲಿ,
ಒಂದು ಪೆರ್ಲದ ತಂಗಿಯ ಕಪಾಟಿನಲ್ಲಿ, ಸೀರೆಗಳ ಕೆಳಗೆ,
ಒಂದು ನೌಫಲನ ಹತ್ತಿರ.
ಅವನು ಫೈಲಿನ ಹೆಸರು ಬದಲಿಸಿದ್ದಾನೆ:
ಎಂತದೂ ಇಲ್ಲ, ಅಳಿಸಬೇಡಿ.